ಮೂವತ್ತು ದಾಟದ ಮುಳ್ಳು

ಬಾಣಾವರದಿಂದ ಜಾವಗಲ್ ಕಡೆಗೆ ಹೋಗುವ ರಸ್ತೆಯಲ್ಲಿ ಚನ್ನಪ್ಪನ ಮೊಪೆಡ್ಡನ್ನು ಹಿಂದೆ ಹಾಕದ ಪ್ರಾಣಿ ಇರಲಿಲ್ಲ. ಬಸ್ಸು, ಲಾರಿ ಬಿಡಿ, ಅವಕ್ಕೆ ದೊಡ್ಡ ಇಂಜಿನ್ನಿದೆ. ಬೀದಿನಾಯಿಗಳು ಬೊಗಳುತ್ತಾ ಅಟ್ಟಿಸಿಕೊಂಡು ಬಂದು, ಗಾಡಿಗಿಂತ ಮುಂದೆ ಹೋಗಿಬಿಟ್ಟು, ತಾವು ಅಟ್ಟುತ್ತಿದ್ದದ್ದು ಯಾರನ್ನು ಎಂಬುದನ್ನೇ ಮರೆತು ಕಿವಿ ಕೆರೆದುಕೊಳ್ಳುತ್ತಾ ನಿಲ್ಲುತ್ತಿದ್ದವು. ಒಮ್ಮೆ ಬಾಣಾವರದಲ್ಲಿ ಹೊರಟಾಗ ಹ್ಯಾಂಡಲ್ಲಿನ ಮೇಲೆ ಸುಮ್ಮನೆ ಕೂತಿದ್ದ ಜೇಡವೊಂದು, ಜಾವಗಲ್ ಮುಟ್ಟುವಷ್ಟರಲ್ಲಿ ಕನ್ನಡಿಯವರೆಗೂ ಬಲೆ ಕಟ್ಟಿ, ಎರಡು ನೊಣ ಹಿಡಿದು, ಊಟ ಮುಗಿಸಿ ಮಲಗಿತ್ತು. ನಂಬದವರು ಆ ಜೇಡವನ್ನೇ ಕೇಳಬಹುದು.

ಗಾಡಿ ಗಟ್ಟಿಮುಟ್ಟಾಗಿಯೇ ಇತ್ತು. ಅದನ್ನು ಹಿಡಿದು ನಿಲ್ಲಿಸಿದ್ದು ಒಂದು ಹರಕೆ.

ಮೂರು ವರ್ಷದ ಹಿಂದೆ ಚನ್ನಪ್ಪ ತೆಂಗಿನಕಾಯಿ ತುಂಬಿದ್ದ ಟ್ರಾಕ್ಟರೊಂದನ್ನು ಹಿಂದೆ ಹಾಕಲು ಹೋಗಿ ಹಳ್ಳಕ್ಕೆ ಬಿದ್ದು ಕಾಲು ಮುರಿದುಕೊಂಡಿದ್ದ. ಅವನು ಅರಸೀಕೆರೆ ಆಸ್ಪತ್ರೆಯಲ್ಲಿ ಕಾಲು ಮೇಲೆತ್ತಿಕೊಂಡು ಮಲಗಿದ್ದಾಗ ಹೆಂಡತಿ ಸಾವಿತ್ರಮ್ಮ ಊರ ಪಕ್ಕದ ಮಾಲೇಕಲ್ಲು ಬೆಟ್ಟ ಹತ್ತಿ ವೆಂಕಟರಮಣನ ಮುಂದೆ ನಿಂತಳು. ದೇವರಿಗೆ ಅರ್ಥವಾಗದೆ ಹೋದೀತೆಂದು ಬಿಡಿಸಿ ಬಿಡಿಸಿ ಹೇಳಿದಳು. "ಗಾಡಿ ಹ್ಯಾಂಡಲ್ ಮಧ್ಯದಾಗೆ ಒಂದು ಗುಂಡಗಿನ ಡಬ್ಬಿ ಐತೆ ಸ್ವಾಮಿ. ಅದರೊಳಗೆ ಒಂದು ಮುಳ್ಳು ಐತೆ. ಅವರ ಕಾಲು ನೆಟ್ಟಗೆ ಮಾಡಿಕೊಡು. ನಾನು ಬದುಕಿರೋವರೆಗೂ ಆ ಮುಳ್ಳು ಮೂವತ್ತು ದಾಟದಂಗೆ ನೋಡ್ಕಂತೀನಿ."

ದೇವರು ಕಾಲು ನೆಟ್ಟಗೆ ಮಾಡಿಕೊಟ್ಟ. ಸಾವಿತ್ರಮ್ಮನೂ ಮಾತು ಉಳಿಸಿಕೊಂಡಳು. ಅಂದಿನಿಂದ ಹಿಂದಿನ ಸೀಟಿನಲ್ಲಿ ಕೂತು, ಗಂಡನ ಬಲಭುಜದ ಮೇಲಿಂದ ಕತ್ತು ಚಾಚಿ, ಮುಳ್ಳನ್ನೇ ನೋಡುತ್ತಿದ್ದಳು. ಅದು ಇಪ್ಪತ್ತೆಂಟಕ್ಕೆ ಬಂದರೆ ಭುಜ ತಟ್ಟುವಳು. ಇಪ್ಪತ್ತೊಂಬತ್ತಕ್ಕೆ ಚಿವುಟುವಳು. ಮೂವತ್ತಕ್ಕೆ ಏನು ಮಾಡುವಳೆಂಬುದನ್ನು ಚನ್ನಪ್ಪ ಯಾರಿಗೂ ಹೇಳಿಲ್ಲ.

ಇದರಿಂದ ಯಾರಿಗೂ ತೊಂದರೆಯಾಗುತ್ತಿರಲಿಲ್ಲ, ಬೇಲೂರಿನಲ್ಲಿ ಸಾವಿತ್ರಮ್ಮನ ತಂಗಿ ಅನುಸೂಯಮ್ಮ ಇರದಿದ್ದರೆ. ಬಸ್ಸು ಹತ್ತಿದರೆ ಸಾವಿತ್ರಮ್ಮನಿಗೆ ವಾಂತಿ. ಬೆಳಗ್ಗೆ ಬೇಗ ಹೊರಡೋಣವೆಂದರೆ ಕೆಂಪಿ ಎಂಬ ಹಸು ಅವಳ ಕೈಗಲ್ಲದೆ ಬೇರೆಯವರ ಕೈಗೆ ಹಾಲು ಬಿಡದು. ಹಾಲು ಕರೆದು, ಡೈರಿಗೆ ಹಾಕಿ, ಸೀರೆ ಉಟ್ಟು ಹೊರಡುವಷ್ಟರಲ್ಲಿ ಎಂಟು ಗಂಟೆ. ಹೀಗಾಗಿ ತಂಗಿಯ ಮಗಳು ಚಿತ್ರಾಳ ಮದುವೆಗೆ ಇವರು ಹೋದಾಗ ಧಾರೆ ಮುಗಿದು, ಗಂಡಿನ ಕಡೆಯವರು ಬಾಳೆಹಣ್ಣು ಸುಲಿಯುತ್ತಿದ್ದರು. ಅನುಸೂಯಮ್ಮ ಎಲ್ಲರ ಮುಂದೆ, "ಬಾ ಅಕ್ಕ, ಬಾ. ಸರಿಯಾದ ಟೈಮಿಗೆ ಬಂದೆ. ನಾಮಕರಣಕ್ಕೆ ಇನ್ನೂ ಒಂದು ವರ್ಷ ಐತೆ" ಅಂದಿದ್ದಳು. ಸಾವಿತ್ರಮ್ಮ ಎಲ್ಲರ ಜೊತೆ ನಕ್ಕು ಅಡಿಗೆಮನೆಗೆ ಹೋದಳು. ನೀರು ಕೇಳಲು ಹಿಂದೆಯೇ ಹೋದ ಚನ್ನಪ್ಪನಿಗೆ ಕಂಡದ್ದು ಅವಳ ಬೆನ್ನು. ತೊಳೆದಿಟ್ಟಿದ್ದ ಸೌಟನ್ನೇ ಅವಳು ಮತ್ತೆ ಮತ್ತೆ ತೊಳೆಯುತ್ತಿದ್ದಳು. ಅವನು ನೀರು ಕೇಳದೆ ವಾಪಸು ಬಂದ.

ಈಗ ಚಿತ್ರಾಳ ಸೀಮಂತ. ಮನೆಗೆ ಹಿರಿಯಳು ದೊಡ್ಡಮ್ಮ; ಮೊದಲು ಮಡಿಲು ತುಂಬಬೇಕಾದವಳು ಸಾವಿತ್ರಮ್ಮ. ಮುಹೂರ್ತ ಒಂಬತ್ತೂವರೆಯ ಒಳಗೆ. ಮೂವತ್ತರಲ್ಲಿ ಹೋದರೆ ಅವಳಿಗೆ ಮತ್ತೆ ಸೌಟೇ ಗತಿ ಎಂದು ಚನ್ನಪ್ಪನಿಗೆ ಗೊತ್ತಿತ್ತು.

ಅವನು ಅರಸೀಕೆರೆಗೆ ಹೋಗಿ ಮೆಕ್ಯಾನಿಕ್ ನಟರಾಜನ ಮುಂದೆ ಕೂತ.

"ನಟರಾಜ, ಗಾಡಿ ನಲವತ್ತು ಹೋಗ್ಬೇಕು. ಮುಳ್ಳು ಮೂವತ್ತೇ ತೋರಿಸ್ಬೇಕು."

ನಟರಾಜ ಕೈಲಿದ್ದ ಸ್ಪ್ಯಾನರ್ ಕೆಳಗಿಟ್ಟ. "ಎಲ್ಲರೂ ಮೂವತ್ತು ಹೋಗಿ ನಲವತ್ತು ತೋರಿಸ್ಬೇಕು ಅಂತಾರೆ ಚನ್ನಪ್ಪಣ್ಣ. ಯಾರಿಗೆ ಟೋಪಿ ಹಾಕ್ತಿದ್ದೀಯ? ಪೊಲೀಸ್ನೋರ್ಗಾ?"

"ಪೊಲೀಸ್ನೋರಾಗಿದ್ರೆ ಇಷ್ಟು ದೂರ ಯಾಕೆ ಬತ್ತಿದ್ದೆ? ನಮ್ಮನೇವ್ಳಿಗೆ."

"ಸಾವಿತ್ರಕ್ಕಂಗಾ?" ನಟರಾಜ ಒಮ್ಮೆ ಬಾಗಿಲಿನ ಕಡೆ ನೋಡಿ ದನಿ ತಗ್ಗಿಸಿದ. "ಮುಳ್ಳು ಕಿತ್ತು ಬಗ್ಗಿಸಿದ್ರೆ ನಿಂತಾಗಲೂ ವಾರೆ ನಿಲ್ಲತೈತೆ. ಅಕ್ಕ ಹಿಡಿದುಬಿಡ್ತಾಳೆ. ಚಕ್ರಾನೇ ಬದಲಾಯಿಸ್ಬೇಕು."

"ಚಕ್ರಕ್ಕೂ ಮುಳ್ಳಿಗೂ ಏನ್ಲಾ ಸಂಬಂಧ?"

ನಟರಾಜ ಮೊಪೆಡ್ಡಿನ ಮುಂದಿನ ಚಕ್ರವನ್ನು ಎತ್ತಿ ಹಿಡಿದು ಕೈಯಿಂದ ತಿರುಗಿಸಿದ. ಗಾಡಿ ನಿಂತಲ್ಲೇ ಇದ್ದರೂ ಮುಳ್ಳು ಅಲುಗಾಡಿತು.

"ನೋಡ್ದಾ? ಗಾಡಿ ಒಂದು ಗೇಣೂ ಹೋಗ್ಲಿಲ್ಲ. ಆದ್ರೂ ಮುಳ್ಳು ಎದ್ದೇಳತೈತೆ. ಅದಕ್ಕೆ ರಸ್ತೆ ಕಾಣಾಕಿಲ್ಲ ಕಣಣ್ಣ. ಚಕ್ರದ ನಡುವಿಂದ ಒಂದು ಕೇಬಲ್ ಬಂದೈತೆ. ನಿಮಿಷಕ್ಕೆ ಚಕ್ರ ಎಷ್ಟು ಸುತ್ತು ಸುತ್ತತೈತೆ ಅನ್ನೋದೊಂದೇ ಅದಕ್ಕೆ ಗೊತ್ತಾಗೋದು. ಒಂದು ಸುತ್ತಿಗೆ ಇಷ್ಟು ದಾರಿ ಅಂತ ಗಾಡಿ ಮಾಡ್ದೋರು ಮೊದಲೇ ಕಟ್ಟಿಬಿಟ್ಟವ್ರೆ. ಈಗ ಇನ್ನೂ ದೊಡ್ಡ ಚಕ್ರ ಹಾಕು. ಸುತ್ತು ಅಷ್ಟೇ. ಒಂದೊಂದು ಸುತ್ತಿಗೂ ದಾರಿ ಜಾಸ್ತಿ ಸವೀತೈತೆ. ಮುಳ್ಳು ಪಾಪ, ಹಳೇ ಚಕ್ರಾನೇ ಅಂದ್ಕೊಂಡು ಹಳೇ ಲೆಕ್ಕಾನೇ ಹೇಳ್ತಿರತೈತೆ."

ಚನ್ನಪ್ಪ ಗಡ್ಡ ಕೆರೆದುಕೊಂಡು ಯೋಚಿಸಿದ. ರಾಗಿ ಒಕ್ಕುವ ಕಣ ಕಣ್ಣಿಗೆ ಬಂತು. ನಡುವೆ ಮೇಟಿ ಕಂಬ, ಕಂಬಕ್ಕೆ ಸಾಲಾಗಿ ಕಟ್ಟಿದ ಎತ್ತುಗಳು.

"ತಡಿ ತಡಿ. ಕಣದಾಗೆ ಮೇಟಿ ಪಕ್ಕದ ಎತ್ತು ನಿಂತಲ್ಲೇ ನಿಂತಂಗೆ ತಿರುಗತೈತೆ. ಕೊನೇ ಎತ್ತು ನಾಲಿಗೆ ಹೊರಗೆ ಹಾಕ್ಕೊಂಡು ಓಡತೈತೆ. ಆದ್ರೆ ಎರಡೂ ಹಾಕೋ ಸುತ್ತು ಒಂದೇ."

"ಅಷ್ಟೇ ಅಣ್ಣ! ನೀನು ಸುತ್ತು ಎಣಿಸಿದ್ರೆ ಎರಡಕ್ಕೂ ಒಂದೇ ಕೂಲಿ. ದಾರಿ ಅಳೆದ್ರೆ ಕೊನೇ ಎತ್ತು ನಿನ್ನ ಮ್ಯಾಲೆ ಕೇಸು ಹಾಕತೈತೆ. ನಡುವಿಂದ ಎಷ್ಟು ದೂರವೋ ಅಷ್ಟು ಓಟ."

"ಅಂಗಾದ್ರೆ ನನ್ನ ಮೊಪೆಡ್ಡಿಗೆ ಕೊನೇ ಎತ್ತು ಕಟ್ಟು."

ನಟರಾಜ ಅಂಗಡಿಯ ಹಿಂದಿನ ರಾಶಿಯಲ್ಲಿ ಕೈಯಾಡಿಸಿ, ಯಾವುದೋ ಕಾಲದ ದೊಡ್ಡ ಬೈಕಿನ ಚಕ್ರವೊಂದನ್ನು ಎಳೆದು ತಂದ. ಹಳೆಯದು ಮೂರು ಪಾಲಿದ್ದರೆ ಇದು ನಾಲ್ಕು ಪಾಲು. ಬಡಿದು, ಅಗಲಿಸಿ, ಬೆಸುಗೆ ಹಾಕಿ ಅದನ್ನು ಕೂರಿಸಿದ. ಕೆಲಸ ಮುಗಿದಾಗ ಗಾಡಿ ಮೂತಿ ಮೇಲೆತ್ತಿ, ನೆಂಟರ ಮನೆಯ ಊಟಕ್ಕೆ ಉಪ್ಪು ಸಾಲದೆಂದು ದೂರು ಹೇಳಲು ಹೊರಟವರಂತೆ ನಿಂತಿತ್ತು.

"ಮುಳ್ಳು ಮೂವತ್ತು ಅಂದ್ರೆ ರಸ್ತೆ ಮ್ಯಾಲೆ ನಲವತ್ತು" ಎಂದ ನಟರಾಜ. "ನಾನು ಹಾಕ್ದೆ ಅಂತ ಮಾತ್ರ ಅಕ್ಕಂಗೆ ಹೇಳ್ಬೇಡ."

ಸೀಮಂತದ ದಿನ ಬಂತು. ಸಂಜೆಯ ಹಾಲಿಗೆ ಪಕ್ಕದ ಮನೆಯ ಮರುಳಪ್ಪ ಒಪ್ಪಿಕೊಂಡಿದ್ದ. ಸಾವಿತ್ರಮ್ಮನ ಹಳೇ ಸೀರೆ ಸುತ್ತಿಕೊಂಡು ಕೂತರೆ ಕೆಂಪಿ ಮೋಸಹೋಗುತ್ತದೆಂದು ಗೊತ್ತಾಗಿತ್ತು. ಬೆಳಗಿನ ಹಾಲಿಗೆ ಮಾತ್ರ ಅವನು, "ಆ ಹೊತ್ತಿಗೆ ಡೈರಿಗೆ ಹೋಗೋ ಊರೆಲ್ಲ ಕೊಟ್ಟಿಗೆ ಮುಂದೇನೇ ಹಾಯತೈತೆ, ಸೆರಗು ಜಾರಿದ್ರೆ ನನ್ನ ಮಾನ ಹೋಯ್ತದೆ" ಎಂದು ಖಡಾಖಂಡಿತವಾಗಿ ಒಲ್ಲೆನೆಂದಿದ್ದ.

ಸಾವಿತ್ರಮ್ಮ ಅಕ್ಕಿ, ಕೊಬ್ಬರಿ, ಹಸಿರು ಬಳೆ, ಹಸಿರು ಸೀರೆ ತುಂಬಿದ ಚೀಲ ಹಿಡಿದು ಬಂದು ಗಾಡಿಯನ್ನು ನೋಡಿದಳು.

"ಇದ್ಯಾಕ್ರೀ ಆಕಾಶ ನೋಡ್ತೈತೆ?"

"ಹೊಸ ಟೈರು ಕಣೇ. ಹೊಸದು ಉಬ್ಬಿರತೈತೆ. ಓಡ್ತಾ ಓಡ್ತಾ ಸವೆದು ಸರಿಹೋಯ್ತದೆ."

"ಕೂತ್ರೆ ಹಿಂದಕ್ಕೆ ಜಾರ್ತೀನಲ್ರೀ."

"ಗಟ್ಟಿಯಾಗಿ ಹಿಡ್ಕೋ ಅಂತಾನೇ ಅಂಗೆ ಮಾಡ್ಸಿದ್ದು."

ಮದುವೆಯಾಗಿ ಇಪ್ಪತ್ತೆಂಟು ವರ್ಷವಾದ ಮೇಲೆ ಹೆಂಡತಿಯ ಮುಖ ಕೆಂಪಾಗುವುದನ್ನು ನೋಡಿ ಚನ್ನಪ್ಪ ಒರೆಸಿದ್ದ ಕನ್ನಡಿಯನ್ನೇ ಮತ್ತೊಮ್ಮೆ ಒರೆಸಿದ. ಸುಳ್ಳು ಇಷ್ಟು ಸಲೀಸಾಗಿ ಬಂದದ್ದಕ್ಕಿರಬೇಕು. ಅವನು ಗಾಡಿ ಚಾಲೂ ಮಾಡಿದ.

ಮುಳ್ಳು ಇಪ್ಪತ್ತೊಂಬತ್ತರಲ್ಲಿ ನಿಂತಿತು. ಅವಳು ಚಿವುಟಿದ್ದನ್ನು ಚನ್ನಪ್ಪ ಸಂತೋಷವಾಗಿ ತಡೆದುಕೊಂಡ. ಬಾಣಾವರದ ನಾಯಿಗಳು ಎಂದಿನಂತೆ ಸೋಮಾರಿಯಾಗಿ ಎದ್ದು ಓಡಿದವು, ಹಿಂದೆ ಬಿದ್ದವು, ಒಂದರ ಮುಖ ಒಂದು ನೋಡಿಕೊಂಡವು. ಅದರಲ್ಲೊಂದು ವಯಸ್ಸಾದದ್ದು ಅಂದಿನಿಂದ ಬೊಗಳುವುದನ್ನೇ ಬಿಟ್ಟಿತೆಂದು ಹೇಳುತ್ತಾರೆ. ಜಾವಗಲ್ ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಚನ್ನಪ್ಪ ಹೆಲ್ಮೆಟ್ಟಿನೊಳಗೆ ಸಣ್ಣಗೆ ಶಿಳ್ಳೆ ಹಾಕತೊಡಗಿದ. ಒಂಬತ್ತಕ್ಕೆ ಮೊದಲೇ ಹಳೇಬೀಡು ಹತ್ತಿರವಾಗಿತ್ತು.

ಆಗ ಭುಜದ ಮೇಲಿನ ಕೈ ಬಿಗಿಯಾಯಿತು.

"ರೀ... ನಿಲ್ಲಿಸ್ರೀ."

"ಮುಳ್ಳು ಇಪ್ಪತ್ತೊಂಬತ್ತರಾಗೈತೆ ಕಣೇ!"

"ಗೊತ್ತು. ನಿಲ್ಲಿಸಿ."

ಹಳೇಬೀಡಿನ ಕೆರೆ ಪಕ್ಕ ಗಾಡಿ ನಿಂತಿತು. ಸಾವಿತ್ರಮ್ಮ ಇಳಿದು, ಬೇಲಿ ಹಿಡಿದು ಬಗ್ಗಿ, ಬೆಳಗಿನ ಕಾಫಿಯನ್ನು ವಾಪಸು ಕೊಟ್ಟಳು. ಅಲ್ಲೇ ಮರದ ಕೆಳಗೆ ಸೌತೆಕಾಯಿ ಮಾರುತ್ತಿದ್ದ ಅಜ್ಜಿಯೊಬ್ಬಳು ವಾಂತಿಯನ್ನು ನೋಡಿದಳು. ಚೀಲದಿಂದ ಇಣುಕುತ್ತಿದ್ದ ಹಸಿರು ಬಳೆ, ಹಸಿರು ಸೀರೆಯನ್ನೂ ನೋಡಿದಳು.

"ಎಷ್ಟನೇ ತಿಂಗಳವ್ವ?" ಎಂದು ಅಕ್ಕರೆಯಿಂದ ಕೇಳಿದಳು.

ಸಾವಿತ್ರಮ್ಮನಿಗೆ ಐವತ್ತೆರಡು. ಚನ್ನಪ್ಪ ಕೆರೆಯ ಕಡೆ ತಿರುಗಿ, ನೀರಿನಲ್ಲಿ ಏನನ್ನೋ ಬೀಳಿಸಿಕೊಂಡವನಂತೆ ನೋಡತೊಡಗಿದ.

"ನಾಚ್ಕೋಬ್ಯಾಡ ಕಣಪ್ಪ" ಎಂದಳು ಅಜ್ಜಿ ಅವನಿಗೆ. "ದೇವರು ಕೊಟ್ಟಾಗ ತಗೋಬೇಕು." ಒಂದು ಎಳೇ ಸೌತೆಕಾಯಿ ಕೊಟ್ಟು, ಬಸುರಿಯ ಹತ್ತಿರ ಕಾಸು ಬೇಡವೆಂದಳು.

ಸಾವಿತ್ರಮ್ಮ ಮುಖ ತೊಳೆದು ಕೆರೆಯ ಕಲ್ಲಿನ ಮೇಲೆ ಕೂತಳು. ಅವಳು ನಗಲೂ ಇಲ್ಲ, ಬೈಯಲೂ ಇಲ್ಲ. ಸೌತೆಕಾಯಿಯನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಹೇಳಿದಳು.

"ಬಸ್ಸು ಆಗ್ತಿರ್ಲಿಲ್ಲ. ಸರಿ, ಬಸ್ಸು ಬಿಟ್ಟೆ. ಇವತ್ತು ಮೂವತ್ತರಾಗೂ ಆಗ್ಲಿಲ್ಲ. ನನ್ನ ಮೈಯೇ ಕೆಟ್ಟೈತೆ ಅನ್ಸತೈತೆ ಕಣ್ರೀ. ಇದೇ ಕೊನೆ. ಇನ್ಮ್ಯಾಲೆ ನಾನು ಎಲ್ಲಿಗೂ ಬರಾಕಿಲ್ಲ. ನೀವೇ ಹೋಗಿ ಬನ್ನಿ. ಎಲ್ಲರೂ ಕೇಳಿದ್ರೆ ಅವಳಿಗೆ ಆಗಲ್ಲ ಅನ್ನಿ."

ಅವಳನ್ನು ಹೊತ್ತಿಗೆ ಸರಿಯಾಗಿ ಕರೆದುಕೊಂಡು ಹೋಗಲು ಹಾಕಿಸಿದ ಚಕ್ರ ಅವಳನ್ನು ಮನೆಯಲ್ಲೇ ಕೂರಿಸಿಬಿಡುವುದರಲ್ಲಿತ್ತು. ಇನ್ನೊಂದು ಅರ್ಧ ಗಂಟೆ ಬಾಯಿ ಮುಚ್ಚಿಕೊಂಡಿದ್ದರೆ ಬೇಲೂರು ಸಿಗುತ್ತಿತ್ತು. ಚನ್ನಪ್ಪನಿಗೆ ಬಾಯಿ ಮುಚ್ಚಿಕೊಳ್ಳಲಾಗಲಿಲ್ಲ.

"ನಿನ್ನ ಮೈ ಕೆಟ್ಟಿಲ್ಲ ಕಣೇ. ನಿನ್ನ ಹೊಟ್ಟೆ ಸರಿಯಾಗೇ ಹೇಳ್ತು. ಸುಳ್ಳು ಹೇಳಿದ್ದು ಮುಳ್ಳು."

ಎಲ್ಲವನ್ನೂ ಹೇಳಿದ. ಸುತ್ತು ಹೇಳಿದ, ದಾರಿ ಹೇಳಿದ, ಮೇಟಿ ಹೇಳಿದ, ಕೊನೇ ಎತ್ತು ಹೇಳಿದ. ಕೇಳದಿದ್ದರೂ ನಟರಾಜನ ಹೆಸರನ್ನೂ ಹೇಳಿಬಿಟ್ಟ.

ಸಾವಿತ್ರಮ್ಮ ಎದ್ದು ಹೋಗಿ ಮುಂದಿನ ಚಕ್ರದ ಮುಂದೆ ನಿಂತಳು. "ಅಂದ್ರೆ, ಚಕ್ರ ನಿಧಾನ. ನಾವು ಜೋರು."

"ಊಂ."

"ಇಲ್ಲಿವರೆಗೂ ನಲವತ್ತರಾಗೆ ಬಂದ್ವಿ."

"ಊಂ. ಆದ್ರೆ ಸಾವಿತ್ರಿ, ಹರಕೆ ಮುರಿದಿಲ್ಲ ಕಣೇ. ನೀನು ಸ್ವಾಮಿಗೆ ಹೇಳಿದ್ದು ಮುಳ್ಳು ಅಂತ. ಮುಳ್ಳು ದಾಟ್ಲೇ ಇಲ್ಲ."

ಅವಳು ತಿರುಗಿ ಅವನನ್ನು ನೋಡಿದಳು. "ನಾನು ಬೆಟ್ಟ ಹತ್ತಿದ್ದು ಮುಳ್ಳನ್ನ ಕಾಪಾಡು ಅಂತ ಕೇಳಾಕಾ?"

ಚನ್ನಪ್ಪ ನೆಟ್ಟಗಾಗಿದ್ದ ಕಾಲಿನ ಹೆಬ್ಬೆರಳಿನಿಂದ ಮಣ್ಣು ಕೆದಕಿದ. "ನೀನು ಆವತ್ತು ಸೌಟು ತೊಳೀತಿದ್ಯಲ್ಲ" ಎಂದ ಕೊನೆಗೆ. "ನಂಗೆ ಅದನ್ನ ಇನ್ನೊಂದು ಸಲ ನೋಡಾಕಾಗಾಕಿಲ್ಲ."

ಸಾವಿತ್ರಮ್ಮ ಸೌತೆಕಾಯಿಯನ್ನು ಎರಡಾಗಿ ಮುರಿದು ಅರ್ಧವನ್ನು ಅವನ ಕೈಗೆ ಕೊಟ್ಟಳು.

ಫೋನು ಬಡಿದುಕೊಂಡಿತು. ಅನುಸೂಯಮ್ಮ. ಅವಳ ದನಿ ಫೋನಿಲ್ಲದೆಯೂ ಬೇಲೂರಿನಿಂದ ಹಳೇಬೀಡಿಗೆ ಕೇಳುವಂಥದ್ದು.

"ಅಕ್ಕ, ಎಲ್ಲಿದ್ದೀಯ? ಎಲೆ ಎತ್ತೋ ಹೊತ್ತಿಗೆ ಬತ್ತೀಯೋ, ಮಗು ಸ್ಕೂಲಿಗೆ ಸೇರೋ ಹೊತ್ತಿಗೆ ಬತ್ತೀಯೋ?"

"ಹಳೇಬೀಡು ಕೆರೆ ಹತ್ರ ಇದ್ದೀವಿ."

"ಸುಳ್ಳು! ಇನ್ನೂ ಒಂಬತ್ತಾಗಿಲ್ಲ. ಜಾವಗಲ್ಲೂ ದಾಟಿರಾಕಿಲ್ಲ ನೀವು. ಹೋಗ್ಲಿ ಬಿಡಕ್ಕ, ಚಿತ್ರಾನ ಕೂರಿಸ್ತಾ ಇದ್ದೀವಿ. ನಿನ್ನ ಬದಲಿಗೆ ಅವಳತ್ತೆ ಮೊದಲು ಮಡಿಲು ತುಂಬ್ತಾರೆ."

"ಯಾರೂ ಮುಟ್ಟಬೇಡಿ" ಎಂದು ಸಾವಿತ್ರಮ್ಮ ಫೋನು ಇಟ್ಟಳು. ಅಷ್ಟು ಗಟ್ಟಿಯಾಗಿ ಅವಳು ಕೆಂಪಿಗೂ ಗದರಿದ್ದಿಲ್ಲ. ನಂತರ ಅರಸೀಕೆರೆ ದಿಕ್ಕಿಗೆ ತಿರುಗಿ ಕೈಮುಗಿದು, ಸಂತೆಯಲ್ಲಿ ಹಳೇ ಪರಿಚಯದ ಅಂಗಡಿಯವನ ಹತ್ತಿರ ಮಾತಾಡುವ ದನಿಯಲ್ಲಿ ಶುರುಮಾಡಿದಳು.

"ಸ್ವಾಮಿ, ಇವರು ಮಾಡಿದ್ದು ನೋಡ್ದೆ ತಾನೇ? ನಂಗೆ ಗೊತ್ತಿರ್ಲಿಲ್ಲ, ನಿಂಗೆ ಗೊತ್ತಿತ್ತು. ಗೊತ್ತಿದ್ದೂ ಬೀಳಿಸಿಲ್ಲ, ಅಂದ್ರೆ ನಿನಗೂ ಅಷ್ಟೇನೂ ಕೋಪ ಇಲ್ಲ. ಈಗ ಒಂದು ಮಾತು. ಹೋಗೋದು ನಲವತ್ತು. ಬರೋದು ಇಪ್ಪತ್ತು. ಎರಡೂ ಸೇರಿಸಿ ಅರ್ಧ ಮಾಡಿದ್ರೆ ನಿನ್ನ ಮೂವತ್ತು ನಿಂಗೆ ಬಂತು. ಬ್ಯಾಡ ಅನ್ನೋದಾದ್ರೆ ಈಗಲೇ ಹೇಳಿಬಿಡು."

ಸ್ವಲ್ಪ ಹೊತ್ತು ಕಾದಳು. ಕೆರೆಯಲ್ಲಿ ಒಂದು ಕೊಕ್ಕರೆ ಕಾಲು ಬದಲಾಯಿಸಿತು. ಅಷ್ಟು ಬಿಟ್ಟರೆ ಮೂರು ಲೋಕದಿಂದಲೂ ಆಕ್ಷೇಪಣೆ ಬರಲಿಲ್ಲ.

"ಹತ್ತಿ" ಎಂದಳು ಗಂಡನಿಗೆ.

"ನಿಂಗೆ ಮತ್ತೆ ಹೊಟ್ಟೆ ತೊಳಸಿದ್ರೆ? ನೋಡು, ನೀನು ಆ ಮುಳ್ಳನ್ನೇ ಗುರಾಯಿಸಬ್ಯಾಡ. ಅಲ್ಲಾಡೋದನ್ನ ನೋಡ್ತಾ ಕೂತ್ರೆ ಯಾರಿಗಾದ್ರೂ ತೊಳಸತೈತೆ. ದೂರ ನೋಡು. ರಸ್ತೆ ನೋಡು."

"ಮುಳ್ಳು ಯಾರು ನೋಡ್ತಾರೆ?"

"ನಾನು ನೋಡ್ಕಂತೀನಿ."

ಅವಳು ಒಂದು ಗಳಿಗೆ ಅವನ ಮುಖ ನೋಡಿದಳು. ಚನ್ನಪ್ಪನಿಗೆ ಆ ಗಳಿಗೆ ಬಾಣಾವರದಿಂದ ಬೇಲೂರಿನವರೆಗಿನ ದಾರಿಯಷ್ಟು ಉದ್ದವಾಗಿ ಕಂಡಿತು. "ಆಯ್ತು" ಎಂದು ಹತ್ತಿ ಕೂತಳು.

ಮೂರು ವರ್ಷದಿಂದ ಸಾವಿತ್ರಮ್ಮ ಈ ರಸ್ತೆಯಲ್ಲಿ ಹೋಗಿಬಂದಿದ್ದಳೇ ಹೊರತು ರಸ್ತೆಯನ್ನು ನೋಡಿರಲಿಲ್ಲ. ಈಗ ಕಿವಿಯ ಹತ್ತಿರ ಒಂದೇ ಸಮ ಮಾತು. "ರೀ, ಆ ಮನೆಗೆ ಯಾವಾಗ ಮಹಡಿ ಬಂತ್ರೀ? ಇಲ್ಲಿ ಆಲೂಗಡ್ಡೆ ಹಾಕ್ತಿದ್ರಲ್ಲ, ಶುಂಠಿ ಹಾಕವ್ರೆ! ಅಯ್ಯೋ, ಆ ಹುಣಿಸೇಮರ ಕಡಿದುಬಿಟ್ಟವ್ರೆ ಕಣ್ರೀ!" ಹೊಟ್ಟೆಯ ಸುದ್ದಿಯನ್ನು ಅವಳೂ ಎತ್ತಲಿಲ್ಲ, ಹೊಟ್ಟೆಯೂ ಎತ್ತಲಿಲ್ಲ. ಚನ್ನಪ್ಪ ಮಾತ್ರ ಮುಳ್ಳಿನಿಂದ ಕಣ್ಣು ಕೀಳಲಿಲ್ಲ. ಅದು ಮೂವತ್ತರ ಗೆರೆಯ ಹತ್ತಿರ ಹೋದರೆ ಯಾರೂ ಚಿವುಟದಿದ್ದರೂ ಅವನ ಭುಜ ತಾನಾಗಿಯೇ ಉರಿಯುತ್ತಿತ್ತು.

ಇವರು ಒಳಗೆ ಕಾಲಿಟ್ಟಾಗ ಚಿತ್ರಾ ಆಗತಾನೇ ಹಸೆಯ ಮೇಲೆ ಕೂತಿದ್ದಳು. ಅವಳ ಅತ್ತೆ ಅಕ್ಕಿಗೆ ಕೈ ಹಾಕಿದ್ದವರು ಹಾಗೆಯೇ ನಿಂತರು. ಅನುಸೂಯಮ್ಮ ಬಾಯಿ ತೆರೆದಳು, ಹೊರಗೆ ಹೋಗಿ ಮೊಪೆಡ್ಡನ್ನು ನೋಡಿದಳು, ವಾಪಸು ಬಂದಳು.

"ನಿನ್ನೇನೇ ಹೊರಟಿದ್ರಾ?"

"ಹಾಲು ಹಾಕಿ ಎಂಟಕ್ಕೆ ಹೊರಟ್ವಿ" ಎಂದಳು ಸಾವಿತ್ರಮ್ಮ. "ದಾರೀಲಿ ಸ್ವಲ್ಪ ಹೊತ್ತು ಕೂತ್ಕೊಂಡು ಸೌತೆಕಾಯಿನೂ ತಿಂದ್ವಿ."

ಗಂಡಸರೆಲ್ಲ ಜಗಲಿಯಲ್ಲಿದ್ದರು. ಚನ್ನಪ್ಪನಿಗೆ ಕಿಟಕಿಯಿಂದ ಕಂಡದ್ದು ಇಷ್ಟೇ: ಎಲ್ಲರಿಗಿಂತ ಮುಂದೆ ಬಗ್ಗಿ ಹುಡುಗಿಯ ಮಡಿಲಿಗೆ ಅಕ್ಕಿ ಸುರಿಯುತ್ತಿದ್ದ ಎರಡು ಕೈ. ಈ ಸಲ ಅವನು ನೀರು ಕೇಳಿ, ಎರಡು ಲೋಟ ಕುಡಿದ.

ಮಧ್ಯಾಹ್ನ ಊಟವಾದ ಮೇಲೆ ಹೊರಟರು. ಈಗ ಸ್ವಾಮಿಗೆ ಒಪ್ಪಿಕೊಂಡ ಇಪ್ಪತ್ತು. ಈ ಚಕ್ರದ ಲೆಕ್ಕದಲ್ಲಿ ಮುಳ್ಳು ಹದಿನೈದು. ಹದಿನೈದರಲ್ಲಿ ಮೊಪೆಡ್ ಹೋಗುತ್ತದೆ ಎನ್ನುವುದಕ್ಕಿಂತ ನಿಲ್ಲುವುದಿಲ್ಲ ಎನ್ನುವುದು ಸರಿ. ಸೈಕಲ್ಲಿನಲ್ಲಿ ಹುಲ್ಲು ಹೊರೆ ಹೇರಿಕೊಂಡವನೊಬ್ಬ ಪಕ್ಕಕ್ಕೆ ಬಂದು, "ಪೆಟ್ರೋಲ್ ಮುಗೀತಾ ಯಜಮಾನ್ರೇ? ಹಗ್ಗ ಐತೆ, ಎಳೀಲಾ?" ಎಂದು ಕೇಳಿ ಮುಂದೆ ಹೋದ. ಕುರಿಮಂದೆಯೊಂದು ಇವರನ್ನು ತನ್ನವರೇ ಎಂದುಕೊಂಡು ಬಹಳ ದೂರ ನಡುವೆ ಸೇರಿಸಿಕೊಂಡಿತ್ತು.

ಸಾವಿತ್ರಮ್ಮ ಹೇಳುತ್ತಲೇ ಇದ್ದಳು. ಕಿಟಕಿಯಿಂದ ಅವನಿಗೆ ಕಾಣದಿದ್ದ ಎಲ್ಲವನ್ನೂ ಒಂದೂ ಬಿಡದೆ ಹೇಳುತ್ತಿದ್ದಳು. ಚಿತ್ರಾಳ ಅತ್ತೆ ಏನು ಮುಖ ಮಾಡಿದರು, ಅನುಸೂಯ ಯಾವ ಸೀರೆ ಉಟ್ಟಿದ್ದಳು, ಅದರ ಅಂಚು ಹೇಗೆ ಬಣ್ಣ ಬಿಡುತ್ತದೆ, ಬಳೆ ತೊಡಿಸುವಾಗ ಚಿತ್ರಾ ಇವಳ ಕೈ ಹಿಡಿದುಕೊಂಡು, "ದೊಡ್ಡಮ್ಮ, ನೀನು ಬಂದೇ ಬತ್ತೀಯ ಅಂತ ಗೊತ್ತಿತ್ತು" ಅಂದದ್ದು.

"ಅಂಗಂದ್ಲಾ?"

"ಅಂದ್ಲು. ತಡೀರಿ, ಅದಕ್ಕೂ ಮೊದಲು ಇನ್ನೊಂದಾಯ್ತು..."

ಜಾವಗಲ್ ಮನೆಗಳು ದೂರದಲ್ಲಿ ಕಂಡವು. ಕಥೆ ಇನ್ನೂ ಬಳೆಯ ಹತ್ತಿರವೇ ಇತ್ತು. ಆರತಿ, ಊಟ ಎಲ್ಲ ಬಾಕಿ. ಇದೇ ವೇಗದಲ್ಲಿ ಹೋದರೆ ಮನೆ ಮೊದಲು ಬಂದುಬಿಡುತ್ತದೆ. ಚನ್ನಪ್ಪ ಕೈಯನ್ನು ಇನ್ನಷ್ಟು ಸಡಿಲಿಸಿದ. ಮುಳ್ಳು ಹದಿನೈದರಿಂದ ಹನ್ನೆರಡಕ್ಕೆ, ಹನ್ನೆರಡರಿಂದ ಹತ್ತಕ್ಕೆ ಜಾರಿತು.

ಮಾತು ನಿಂತಿತು. ಭುಜದ ಮೇಲಿಂದ ಒಂದು ಕತ್ತು ನಿಧಾನವಾಗಿ ಮುಂದೆ ಚಾಚಿ, ಡಬ್ಬಿಯನ್ನು ನೋಡಿ, ಹಿಂದಕ್ಕೆ ಹೋಯಿತು.

"ಹತ್ತಕ್ಕೆ ಬಂದ್ರಿ."

"ಊಂ."

"ಒಪ್ಪಿಕೊಂಡಿದ್ದಕ್ಕಿಂತ ಕಮ್ಮಿ."

"ಊಂ. ನೀನು ಹೇಳು, ಬಳೆ ತೊಡಿಸೋವಾಗ?"

ಸಾವಿತ್ರಮ್ಮ ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿದಳು. ಆಮೇಲೆ ಅವನ ಸೊಂಟವನ್ನು ಸರಿಯಾಗಿ ಹಿಡಿದುಕೊಂಡು ಕೂತಳು.

"ಇಂಗೇ ಹೋಗ್ತಾ ಇರಿ. ಇವತ್ತು ಉಳಿಸಿದ್ದೆಲ್ಲ ಸ್ವಾಮಿ ಹತ್ರ ಜಮಾ ಇರ್ಲಿ" ಎಂದಳು. "ನಾಮಕರಣಕ್ಕೆ ಐವತ್ತರಾಗೆ ಹೋಗೋಣ."